ಮಗು ಮುಂಚಿನಂತೆ ಆಡುತ್ತಿಲ್ಲ ಎನಿಸಿದಾಗ

(ಗರ್ಭಿಣಿಯರು, ಅವರ ಮನೆಯವರು ಹಾಗೂ ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಪ್ರಸೂತಿ ವೈದ್ಯೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ತಾಯಂದಿರೇ, ಅವರೊಂದಿಗೆ ಬಂದಿರುವ ಹಿರಿಯರೇ, ಆಶಾ ಕಾರ್ಯಕರ್ತೆಯರೇ,

ಏಳನೇ ತಿಂಗಳು ದಾಟಿದ ಬಸುರಿಯರು ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ಆಸ್ಪತ್ರೆಗೆ ಬರುವುದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ, ಹೊಟ್ಟೆಯೊಳಗಿನ ಮಗು ಮುಂಚಿನಂತೆ ಆಡುತ್ತಿಲ್ಲ ಎಂಬ ಅನುಮಾನವೂ ಒಂದು. ನೋವು ಬಂದಿದೆ, ನೀರು ಹೋಗುತ್ತಿದೆ, ರಕ್ತ ಕಾಣಿಸಿಕೊಂಡಿದೆ ಎಂಬುದನ್ನೆಲ್ಲ ನೇರವಾಗಿ ಹೇಳುವ ಹೆಂಗಸರು ಈ ಒಂದು ಮಾತನ್ನು ಮಾತ್ರ ತಪ್ಪು ಮಾಡಿದವರ ಹಾಗೆ ಹೇಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. "ಸುಮ್ಮನೆ ಬಂದೆನೋ ಏನೋ ಮೇಡಂ, ನಿನ್ನೆ ಮಧ್ಯಾಹ್ನದಿಂದ ಮಗು ಯಾಕೋ ಅಷ್ಟಾಗಿ ಮಿಸುಕಾಡ್ತಿಲ್ಲ" ಎನ್ನುತ್ತಾರೆ. ಆ ಮಾತಿನಲ್ಲಿ ನನ್ನನ್ನು ಕಾಡುವುದು "ನಿನ್ನೆ ಮಧ್ಯಾಹ್ನದಿಂದ" ಎಂಬ ಭಾಗ. ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಆಕೆ ಯಾರಿಗೂ ಹೇಳದೆ ಇದ್ದಿರಬಹುದು, ಅಥವಾ ಹೇಳಿಯೂ ಯಾರೂ ಕಿವಿಗೆ ಹಾಕಿಕೊಳ್ಳದೆ ಇದ್ದಿರಬಹುದು. ಆ ಗಂಟೆಗಳು ಏಕೆ ಅಮೂಲ್ಯ, ಅವುಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಮಗುವಿಗೆ ಬೇಕಾದ ಆಮ್ಲಜನಕವೂ ಪೋಷಣೆಯೂ ತಾಯಿಯ ರಕ್ತದಿಂದ ಮಾಸಿಗೆ, ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಬರುತ್ತವೆ. ತಾಯಿಗೆ ಬಿಪಿ ಏರಿದಾಗ, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಾರದಿದ್ದಾಗ, ಕೆಲವೊಮ್ಮೆ ಹೊರಗೆ ಕಾಣುವ ಯಾವ ಕಾರಣವೂ ಇಲ್ಲದೆಯೂ ಮಾಸು ತನ್ನ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಹೀಗೆ ನಿಧಾನವಾಗಿ ಕೊರತೆಯಾದಾಗ ಮಗು ಒಮ್ಮೆಗೇ ಸೋಲುವುದಿಲ್ಲ. ಬರಗಾಲದ ವರ್ಷದಲ್ಲಿ ಮನೆ ನಡೆಸುವ ಹೆಂಗಸು ಇರುವ ಕಾಳನ್ನು ಅಳೆದು ಬಳಸುವ ಹಾಗೆ, ಅದು ಸಿಕ್ಕ ಆಮ್ಲಜನಕವನ್ನು ಮೊದಲು ಮಿದುಳಿಗೆ, ಹೃದಯಕ್ಕೆ ಮತ್ತು ಅಡ್ರಿನಲ್ ಗ್ರಂಥಿಗಳಿಗೆ ಕಳಿಸಿ ಉಳಿದ ಕಡೆ ಖರ್ಚು ಹಿಡಿಯುತ್ತದೆ. ಮೂತ್ರಪಿಂಡಗಳಿಗೆ ರಕ್ತ ಕಡಿಮೆ ಹರಿಯುವುದರಿಂದ ಮಗುವಿನ ಮೂತ್ರ ಕಡಿಮೆಯಾಗುತ್ತದೆ. ಏಳೆಂಟನೇ ತಿಂಗಳಲ್ಲಿ ಮಗುವಿನ ಸುತ್ತ ಇರುವ ನೀರಿನ ಬಹುಪಾಲು ಅದರ ಮೂತ್ರವೇ ಆಗಿರುವುದರಿಂದ ಆ ನೀರೂ ಇಳಿಯುತ್ತದೆ. ಕೈಕಾಲು ಬೀಸುವುದು, ಹೊರಳುವುದು ಶಕ್ತಿ ಬೇಡುವ ಕೆಲಸಗಳಾದ್ದರಿಂದ ಅವೂ ಕಡಿಮೆಯಾಗುತ್ತವೆ. ನೀರು ಇಳಿದದ್ದನ್ನು ತಿಳಿಯಲು ಸ್ಕ್ಯಾನಿಂಗ್ ಯಂತ್ರ ಬೇಕು, ರಕ್ತದ ಹರಿವು ಬದಲಾದದ್ದನ್ನು ತಿಳಿಯಲು ಡಾಪ್ಲರ್ ಬೇಕು. ಮಿಸುಕಾಟ ಕಡಿಮೆಯಾದದ್ದು ಮಾತ್ರ ಯಾವ ಯಂತ್ರವೂ ಇಲ್ಲದೆ, ಆಸ್ಪತ್ರೆಯಿಂದ ಎಷ್ಟೇ ದೂರದ ಹಳ್ಳಿಯಲ್ಲಿದ್ದರೂ, ತಾಯಿಗೆ ಗೊತ್ತಾಗುತ್ತದೆ.

ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಂಡ ತಾಯಂದಿರನ್ನು ವಿಚಾರಿಸಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ವಿಷಯ ಖಚಿತವಾಗುವುದಕ್ಕೆ ಮೊದಲೇ ಮಿಸುಕಾಟ ಕಡಿಮೆಯಾದದ್ದನ್ನು ಗಮನಿಸಿದ್ದರು ಎಂಬುದನ್ನು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2011ರಲ್ಲಿ ಹೊರಡಿಸಿದ ತನ್ನ ಮಾರ್ಗಸೂಚಿಯಲ್ಲಿ ದಾಖಲಿಸಿದೆ. ಅದೇ ಮಾರ್ಗಸೂಚಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಒಮ್ಮೆ ಮಿಸುಕಾಟ ಕಡಿಮೆಯೆನಿಸಿ ಆಸ್ಪತ್ರೆಗೆ ಬಂದವರಲ್ಲಿ ನೂರಕ್ಕೆ ಸುಮಾರು 70 ಮಂದಿಯ ಬಸಿರು ಮುಂದೆ ಯಾವ ತೊಡಕೂ ಇಲ್ಲದೆ ಸಾಗುತ್ತದೆ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲನೆಯದು ಗೊತ್ತಿದ್ದರೆ ಯಾರೂ ತಡಮಾಡುವುದಿಲ್ಲ. ಎರಡನೆಯದು ಗೊತ್ತಿದ್ದರೆ ದಾರಿಯಲ್ಲಿ ಬರುವಾಗಲೇ ಎದೆಯೊಡೆದುಕೊಳ್ಳುವ ಅಗತ್ಯವಿರುವುದಿಲ್ಲ.

ಇನ್ನು, ಸಹಜವಾದ ಮಿಸುಕಾಟ ಹೇಗಿರುತ್ತದೆ ಎಂಬುದನ್ನು ನೋಡೋಣ. ಏಳೆಂಟು ವಾರದ ಭ್ರೂಣವೇ ಅಲುಗಾಡುವುದನ್ನು ಸ್ಕ್ಯಾನಿಂಗ್‌ನಲ್ಲಿ ಕಾಣಬಹುದಾದರೂ ತಾಯಿಗೆ ಅದು ತಿಳಿಯುವುದು ಸಾಮಾನ್ಯವಾಗಿ 18ರಿಂದ 20 ವಾರಗಳ ನಡುವೆ. ಎರಡನೇ ಬಸಿರಾದರೆ ಒಂದೆರಡು ವಾರ ಮೊದಲೇ ತಿಳಿಯಬಹುದು. ಮೊದಮೊದಲು ಅದು ಗಾಳಿಯೋ ವಾಯುವೋ ಎಂಬಂಥ ಸಣ್ಣ ಅಲುಗು, ಆಮೇಲೆ ಒದೆತ, ಹೊರಳು, ಪಕ್ಕೆಯಲ್ಲಿ ಮೊಣಕೈ ಒತ್ತಿದಂಥ ನೂಕು. ಮಾಸು ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿಕೊಂಡಿದ್ದರೆ ಮೊದಲ ತಿಂಗಳುಗಳ ಒದೆತ ಮಂದವಾಗಿ ತಿಳಿಯುತ್ತದೆ. 24 ವಾರ ತುಂಬಿದರೂ ಒಮ್ಮೆಯೂ ಅನುಭವಕ್ಕೆ ಬಾರದಿದ್ದರೆ ಪರೀಕ್ಷೆಗೆ ಬರಬೇಕು. ಮಿಸುಕಾಟ 32 ವಾರಗಳವರೆಗೆ ಹೆಚ್ಚುತ್ತಾ ಹೋಗಿ ಆಮೇಲೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಮಗು ನಿದ್ದೆ ಮಾಡುವಾಗ ಸುಮ್ಮನಿರುತ್ತದೆ. ಆ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷದ್ದು, ಒಂದೂವರೆ ಗಂಟೆ ಮೀರುವುದು ಅಪರೂಪ. ಸಂಜೆಯಿಂದ ರಾತ್ರಿಯವರೆಗೆ ಮಗು ಹೆಚ್ಚು ಆಡುವುದನ್ನು ಬಹುತೇಕ ತಾಯಂದಿರು ಗಮನಿಸಿರುತ್ತಾರೆ. ಆದ್ದರಿಂದ ದಿನವಿಡೀ ಕೆಲಸ ಮಾಡಿ ರಾತ್ರಿ ಮಲಗಿದಾಗಲೂ ಮಗು ಆಡಲಿಲ್ಲವೆಂದರೆ ಅದು ಗಮನಿಸಲೇಬೇಕಾದ ಸಂಗತಿ.

ಇಲ್ಲಿ ನಮ್ಮ ಮನೆಗಳಲ್ಲಿ ಬೇರೂರಿರುವ ಒಂದು ನಂಬಿಕೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹೆಚ್ಚು ಹಾನಿ ಮಾಡುತ್ತಿರುವುದು ಅದೇ. ಒಂಬತ್ತನೇ ತಿಂಗಳಲ್ಲಿ ಸೊಸೆಯೋ ಮಗಳೋ ಮಗು ಆಡುತ್ತಿಲ್ಲವೆಂದರೆ, "ತಿಂಗಳು ತುಂಬಿದೆಯಲ್ಲ, ಒಳಗೆ ಜಾಗ ಎಲ್ಲಿದೆ, ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅವರು ಹೇಳುವುದು ಪ್ರೀತಿಯಿಂದಲೇ, ಅವರಿಗೂ ಅವರ ಅತ್ತೆಯರು ಹೀಗೆಯೇ ಹೇಳಿದ್ದರು. ಆದರೆ ಇದು ನಿಜವಲ್ಲ. ಜಾಗ ಇಕ್ಕಟ್ಟಾದಂತೆ ಒದೆತದ ಬಗೆ ಬದಲಾಗಬಹುದು, ದೊಡ್ಡ ಲಾಗಗಳ ಬದಲು ಹೊರಳುವುದು, ಒತ್ತುವುದು ಹೆಚ್ಚಾಗಬಹುದು. ಮಗು ಆಡುವುದು ಮಾತ್ರ ಕಡಿಮೆಯಾಗುವುದಿಲ್ಲ, ಹೆರಿಗೆ ನೋವು ಶುರುವಾದ ಮೇಲೂ ಅದು ಆಡುತ್ತಲೇ ಇರುತ್ತದೆ. ಹೆಚ್ಚು ಎಚ್ಚರದಿಂದ ಇರಬೇಕಾದ ಕೊನೆಯ ವಾರಗಳಲ್ಲೇ ಈ ನಂಬಿಕೆ ನಮ್ಮನ್ನು ಮೈಮರೆಸುತ್ತದೆ ಎಂಬುದು ನನ್ನ ಚಿಂತೆ.

ಎರಡನೆಯದು, ತಣ್ಣೀರು ಕುಡಿಸಿ ನೋಡುವುದು, ಸಿಹಿ ತಿನ್ನಿಸಿ ನೋಡುವುದು. ಹೀಗೆ ಮಾಡಿದರೆ ಮಗು ಎಚ್ಚರಗೊಳ್ಳುತ್ತದೆ ಎನ್ನಲು ಭರವಸೆ ಇಡಬಹುದಾದ ಪುರಾವೆಯಿಲ್ಲ. ಹಸಿದಿದ್ದರೆ ಊಟ ಮಾಡಿ, ಬಾಯಾರಿದ್ದರೆ ನೀರು ಕುಡಿಯಿರಿ, ಅದರಲ್ಲಿ ತಪ್ಪೇನೂ ಇಲ್ಲ. ಪಾನಕ ಕುಡಿದು ಒಂದು ಗಂಟೆ, ಆಮೇಲೆ ಸಿಹಿ ತಿಂದು ಇನ್ನೊಂದು ಗಂಟೆ, ಆಮೇಲೆ ಬೆಳಗಾಗಲಿ ಎಂದು ಮುಂದೂಡುತ್ತಾ ಹೋಗುವುದು ಅಪಾಯ. ಬಲಗಡೆ ಒದ್ದರೆ ಗಂಡು, ಎಡಗಡೆ ಒದ್ದರೆ ಹೆಣ್ಣು ಎಂಬ ಲೆಕ್ಕಾಚಾರಕ್ಕಂತೂ ಯಾವ ಆಧಾರವೂ ಇಲ್ಲ. ಮಗು ಹೇಗೆ ಮಲಗಿದೆ ಎಂಬುದರ ಮೇಲೆ ಒದೆತದ ಜಾಗ ಬದಲಾಗುತ್ತದೆ, ಅಷ್ಟೆ.

ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ, ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಎತ್ತ ಇದೆ ಎಂಬುದನ್ನು ಹೇಳುತ್ತಿದ್ದರು ಎಂದು ಕಂಡವರು ಹೇಳುತ್ತಾರೆ. ಅಂಥ ಕೈಗಳ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಎಷ್ಟೇ ಪಳಗಿದ ಕೈಗೂ ಸಿಗುವುದು ಮುಟ್ಟಿದ ಆ ಕೆಲವು ನಿಮಿಷಗಳ ಸುದ್ದಿ. ಮಗು ಯಾವ ಹೊತ್ತಿನಲ್ಲಿ ಎಷ್ಟು ಆಡುತ್ತದೆ, ಯಾವಾಗ ಮಲಗುತ್ತದೆ, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂಬ ದಿನಚರಿಯ ತಿಳಿವಳಿಕೆ ಹೊತ್ತ ತಾಯಿಯೊಬ್ಬಳಿಗೇ ಇರುವುದು. ಆಕೆ ಏನೋ ಬದಲಾಗಿದೆ ಎಂದಾಗ, ಅದನ್ನು ಅಲ್ಲಗಳೆಯುವಷ್ಟು ಮಾಹಿತಿ ಆ ಕ್ಷಣದಲ್ಲಿ ನಮ್ಮ ಯಾರ ಬಳಿಯೂ ಇರುವುದಿಲ್ಲ.

ಹಾಗಾದರೆ ಎಣಿಸಬೇಕೇ ಎಂದು ನೀವು ಕೇಳುತ್ತೀರಿ. ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಹೇಳಿಕೊಡುತ್ತಿರುವ ಕ್ರಮವೊಂದಿದೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಗಂಟೆ ಎಡಮಗ್ಗುಲಲ್ಲಿ ಮಲಗಿ ಮಗು ಎಷ್ಟು ಬಾರಿ ಆಡಿತು ಎಂಬುದನ್ನು ಎಣಿಸುವುದು, ಗಂಟೆಗೆ ಮೂರಕ್ಕಿಂತ ಕಡಿಮೆಯಾದರೆ ಬಂದು ತೋರಿಸುವುದು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1976ರಲ್ಲಿ ರೂಪುಗೊಂಡ, 12 ಗಂಟೆಗಳಲ್ಲಿ ಹತ್ತು ಮಿಸುಕಾಟ ಎಣಿಸುವ ಪದ್ಧತಿ ಜಗತ್ತಿನಾದ್ಯಂತ ಹೆಸರಾಯಿತು. ಇಂಥ ಎಣಿಕೆಯಿಂದ ಸಾವು ಕಡಿಮೆಯಾಗುತ್ತದೆಯೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ, ಅದರ ಫಲಿತಾಂಶವನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಸುಮಾರು 68,000 ಗರ್ಭಿಣಿಯರನ್ನು ಒಳಗೊಂಡು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಪಟ್ಟಿ ಬರೆದಿಟ್ಟವರಿಗೂ ಬರೆಯದವರಿಗೂ ಮಕ್ಕಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ 33 ಆಸ್ಪತ್ರೆಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಬಸಿರುಗಳ ಮೇಲೆ ನಡೆದ ಅಫರ್ಮ್ ಅಧ್ಯಯನ ಪ್ರಕಟವಾಯಿತು. ಅಲ್ಲಿ ಎಣಿಕೆಯ ಬದಲು ತಾಯಂದಿರಿಗೆ ತಿಳಿವಳಿಕೆ ಕೊಟ್ಟು, ಸಿಬ್ಬಂದಿಗೆ ತರಬೇತಿ ಕೊಟ್ಟು, ಬಂದವರನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸುವ ಏರ್ಪಾಡು ಮಾಡಲಾಗಿತ್ತು. ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಪ್ರಮಾಣ ಸಾವಿರಕ್ಕೆ 4.40ರಿಂದ 4.06ಕ್ಕೆ ಇಳಿಯಿತಾದರೂ, ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡ ಇಳಿಕೆಯಾಗಿರಲಿಲ್ಲ. ಇನ್ನೊಂದೆಡೆ, ಔಷಧಿ ಕೊಟ್ಟು ನೋವು ಬರಿಸುವುದೂ ಸಿಸೇರಿಯನ್ನೂ ಹೆಚ್ಚಾದವು.

ಇದನ್ನು ಓದಿ, ಹಾಗಾದರೆ ಮಿಸುಕಾಟದ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ ಎನ್ನುವವರಿದ್ದಾರೆ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಈ ಅಧ್ಯಯನಗಳು ಹೋಲಿಸಿದ್ದು, ಕಾಳಜಿಯಿಂದ ಬಂದವರನ್ನು ಹೇಗೂ ನೋಡುತ್ತಿದ್ದ ಆಸ್ಪತ್ರೆಗಳಲ್ಲಿ ಮತ್ತೊಂದು ವ್ಯವಸ್ಥೆಯನ್ನು ಸೇರಿಸಿದರೆ ಏನಾಗುತ್ತದೆ ಎಂಬುದನ್ನು. ಮಗು ಆಡುತ್ತಿಲ್ಲವೆಂದ ತಾಯಿಯನ್ನು ಮನೆಯಲ್ಲೇ ಉಳಿಸಿಕೊಂಡರೂ ತೊಂದರೆಯಿಲ್ಲ ಎಂದು ಅವು ಹೇಳಿಲ್ಲ, ಅಂಥ ಪ್ರಯೋಗವನ್ನು ಯಾರೂ ಮಾಡುವಂತೆಯೂ ಇಲ್ಲ. ಅವುಗಳಿಂದ ನಾನು ಕಲಿತದ್ದು ಬೇರೆ: ಎಲ್ಲರ ಕೈಗೂ ಒಂದೇ ಸಂಖ್ಯೆ ಕೊಟ್ಟು, ಹತ್ತು ಬಂದರೆ ಸರಿ, ಒಂಬತ್ತು ಬಂದರೆ ತಪ್ಪು ಎಂದು ಹೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ದಿನಕ್ಕೆ ನೂರು ಸಲ ಒದೆಯುವ ಮಗು ಇಪ್ಪತ್ತಕ್ಕೆ ಇಳಿದರೆ ಪಟ್ಟಿಯ ಪ್ರಕಾರ ಎಲ್ಲವೂ ಸರಿಯಿದೆ. ತಾಯಿಯ ಪ್ರಕಾರ ಏನೋ ಕೆಟ್ಟಿದೆ. ಇಂಥಲ್ಲಿ ನಾನು ತಾಯಿಯ ಮಾತನ್ನೇ ಹಿಡಿಯುತ್ತೇನೆ. ಎಣಿಸುವುದರಿಂದ ಮಗುವಿನ ಕಡೆ ಗಮನ ಕೊಡಲು ನಿಮಗೆ ಅನುಕೂಲವಾಗುವುದಾದರೆ ಖಂಡಿತ ಎಣಿಸಿ. ಎಣಿಸುವುದೇ ಭಯಕ್ಕೆ ಕಾರಣವಾಗುತ್ತಿದ್ದರೆ ಬಿಡಿ, ದಿನಕ್ಕೆ ಸ್ವಲ್ಪ ಹೊತ್ತು ಮಲಗಿ ನಿಮ್ಮ ಮಗುವಿನ ರೂಢಿಯನ್ನು ಅರಿತುಕೊಳ್ಳಿ.

ಅನುಮಾನ ಬಂದ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಈಗ ಹೇಳುತ್ತೇನೆ. ಏಳು ತಿಂಗಳು ತುಂಬಿದ ಮೇಲೆ, ಅಂದರೆ 28 ವಾರಗಳ ನಂತರ, ನಿಮಗೆ ಖಚಿತವಿಲ್ಲದಿದ್ದರೆ ಎಡಮಗ್ಗುಲಾಗಿ ಮಲಗಿ, ಫೋನು ಟಿವಿ ಎಲ್ಲ ಬದಿಗಿಟ್ಟು, ಎರಡು ಗಂಟೆಯವರೆಗೆ ಮಗುವಿನ ಕಡೆಗಷ್ಟೇ ಗಮನವಿಡಿ. ಅಷ್ಟರಲ್ಲಿ ಹತ್ತು ಬಾರಿ ಆಡದಿದ್ದರೆ ಹೊರಡಿ. ಮಗು ಆಡುವುದು ಕಡಿಮೆಯಾಗಿದೆ ಎಂದು ನಿಮಗೆ ಈಗಾಗಲೇ ಮನದಟ್ಟಾಗಿದ್ದರೆ ಅಥವಾ ಪೂರ್ತಿ ನಿಂತುಹೋಗಿದ್ದರೆ ಆ ಎರಡು ಗಂಟೆಯನ್ನೂ ಕಾಯಬೇಡಿ. ರಾತ್ರಿಯಾಗಿದೆ, ನಾಳೆ ಹೇಗೂ ತಪಾಸಣೆಯ ದಿನ, ನಾಳೆ ಅಮಾವಾಸ್ಯೆ, ಮನೆಯಲ್ಲಿ ಗಂಡಸರಿಲ್ಲ ಎಂಬ ಕಾರಣಗಳಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಎಷ್ಟು ತಿಂಗಳು, ಯಾವಾಗಿನಿಂದ ಮಗು ಆಡುತ್ತಿಲ್ಲ ಎಂದು ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯ ಸಾಗಣೆ, ಪರೀಕ್ಷೆ, ಔಷಧಿ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ತಾಯಿ ಕಾರ್ಡನ್ನೂ ಹಳೆಯ ಸ್ಕ್ಯಾನಿಂಗ್ ವರದಿಗಳನ್ನೂ ಜೊತೆಗೆ ತನ್ನಿ. ಚೊಚ್ಚಲ ಹೆರಿಗೆಗೆಂದು ಸೀಮಂತ ಮುಗಿಸಿ ತವರಿಗೆ ಹೋದವರು ಹೊಸ ಊರಿನ ಆಸ್ಪತ್ರೆಯಲ್ಲಿ ಇನ್ನೂ ಹೆಸರು ಬರೆಸಿಲ್ಲವೆಂಬ ಕಾರಣಕ್ಕೆ ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ತವರಿಗೆ ಹೋದ ಮೊದಲ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ರಾತ್ರಿಯಲ್ಲೂ ಬಾಗಿಲು ತೆರೆದಿರುವ ಆಸ್ಪತ್ರೆ ಯಾವುದೆಂದು ಕೇಳಿಟ್ಟುಕೊಂಡರೆ ಈ ಗೊಂದಲವಿರುವುದಿಲ್ಲ.

ಮನೆಯಲ್ಲೇ ಹೃದಯದ ಬಡಿತ ಕೇಳಿಸುವ ಸಣ್ಣ ಯಂತ್ರಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ದಯವಿಟ್ಟು ಅವುಗಳನ್ನು ನಂಬಿ ಕೂರಬೇಡಿ. ಪಳಗದ ಕೈಯಲ್ಲಿ ಅದು ತಾಯಿಯ ರಕ್ತನಾಳದ ಬಡಿತವನ್ನೇ ಮಗುವಿನದೆಂದು ಕೇಳಿಸುತ್ತದೆ. ಮಗುವಿನದೇ ಬಡಿತ ಸಿಕ್ಕರೂ ಹೃದಯ ಬಡಿಯುತ್ತಿದೆ ಎಂಬುದು ತಿಳಿಯುತ್ತದೆಯೇ ಹೊರತು ಮಗು ಸುಖವಾಗಿದೆ ಎಂಬುದಲ್ಲ.

ಆಸ್ಪತ್ರೆಗೆ ಬಂದ ಮೇಲೆ ಏನಾಗುತ್ತದೆ ಎಂಬುದು ಗೊತ್ತಿಲ್ಲದೆಯೂ ಅನೇಕರು ಹೆದರುತ್ತಾರೆ, ಬಂದ ಕೂಡಲೇ ಸಿಸೇರಿಯನ್ ಮಾಡಿಬಿಡುತ್ತಾರೆ ಎಂಬ ಭಯ ಅವರಿಗೆ. ಮೊದಲು ಬಿಪಿ ನೋಡುತ್ತೇವೆ, ಹೊಟ್ಟೆ ಮುಟ್ಟಿ ಟೇಪಿನಿಂದ ಅಳೆಯುತ್ತೇವೆ, ಮಗುವಿನ ಹೃದಯದ ಬಡಿತ ಕೇಳುತ್ತೇವೆ. ಅದು ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ಆಮೇಲೆ ಎನ್‌ಎಸ್‌ಟಿ, ಅಂದರೆ ಮಗು ಆಡಿದಾಗ ಅದರ ಹೃದಯದ ಬಡಿತ ಹೇಗೆ ಬದಲಾಗುತ್ತದೆ ಎಂದು ನೋಡುವ ಪರೀಕ್ಷೆ. ಮಂಚದ ಮೇಲೆ ಸ್ವಲ್ಪ ಪಕ್ಕಕ್ಕೆ ಒರಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚಿ, ಎರಡು ಪಟ್ಟಿಗಳನ್ನು ಸುತ್ತುತ್ತಾರೆ. ಒಂದು ಮಗುವಿನ ಬಡಿತವನ್ನು, ಇನ್ನೊಂದು ಗರ್ಭಕೋಶ ಬಿಗಿಯಾಗುವುದನ್ನು ಹಿಡಿಯುತ್ತದೆ. ಕೈಗೆ ಒಂದು ಗುಂಡಿ ಕೊಟ್ಟಿರುತ್ತಾರೆ, ಮಗು ಆಡಿದಾಗಲೆಲ್ಲ ಒತ್ತಬೇಕು. ಯಂತ್ರದಿಂದ ಹೊರಬರುವ ಕಾಗದದ ಮೇಲೆ ಬಡಿತದ ಗೆರೆ ಅಂಕುಡೊಂಕಾಗಿ ಸಾಗುತ್ತದೆ, ಮಗು ಆಡಿದಾಗ ಆ ಗೆರೆ ಕ್ಷಣಕಾಲ ಮೇಲೇರಬೇಕು. ಆ ಏರಿಳಿತವೇ ನಮಗೆ ಬೇಕಾದದ್ದು. ಗೆರೆ ಚಪ್ಪಟೆಯಾಗಿ ಸಾಗಿದರೆ ಮಗು ನಿದ್ದೆಯಲ್ಲಿರಬಹುದೆಂದು ಇನ್ನಷ್ಟು ಹೊತ್ತು ಕಾದು ನೋಡುತ್ತೇವೆ. ಕನಿಷ್ಠ ಇಪ್ಪತ್ತು ನಿಮಿಷದ ಈ ಪರೀಕ್ಷೆಯಿಂದ ತಾಯಿಗೂ ಮಗುವಿಗೂ ನೋವಿಲ್ಲ, ಹಾನಿಯಿಲ್ಲ. ಅಗತ್ಯವೆನಿಸಿದರೆ ಸ್ಕ್ಯಾನಿಂಗ್ ಮಾಡಿ ಮಗುವಿನ ಬೆಳವಣಿಗೆ, ಸುತ್ತಲಿನ ನೀರು, ಹೊಕ್ಕುಳಬಳ್ಳಿಯಲ್ಲಿ ರಕ್ತದ ಹರಿವು ನೋಡುತ್ತೇವೆ. ಎಲ್ಲವೂ ಸರಿಯಿದ್ದರೆ ಮನೆಗೆ ಕಳಿಸುತ್ತೇವೆ, ಹೆಚ್ಚಿನವರು ಮನೆಗೇ ಹೋಗುತ್ತಾರೆ. ಹೆರಿಗೆ ಮಾಡಿಸಬೇಕೇ ಬೇಡವೇ ಎಂಬುದು ಎಷ್ಟು ವಾರ ತುಂಬಿದೆ, ಪರೀಕ್ಷೆಗಳು ಏನು ಹೇಳುತ್ತವೆ ಎಂಬುದನ್ನೆಲ್ಲ ತೂಗಿ ನಿರ್ಧರಿಸುವ ಸಂಗತಿ. ಅವಧಿಗೆ ಮುಂಚೆ ಹುಟ್ಟುವುದರಲ್ಲೂ ಮಗುವಿಗೆ ಕಷ್ಟವಿರುವುದರಿಂದ ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಇಲ್ಲಿರುವ ನಮ್ಮ ಆರೋಗ್ಯ ಸಿಬ್ಬಂದಿಗೂ ಒಂದು ಮಾತು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, ಅದು ಸಣ್ಣ ಸಾಧನೆಯಲ್ಲ. ಆದರೂ 2019ರಲ್ಲಿ ಭಾರತದಲ್ಲಿ ಸುಮಾರು 3.4 ಲಕ್ಷ ಮಕ್ಕಳು ಜೀವವಿಲ್ಲದೆ ಹುಟ್ಟಿದರು ಎಂದು ವಿಶ್ವಸಂಸ್ಥೆಯ ಅಂದಾಜು; ಯಾವುದೇ ದೇಶಕ್ಕಿಂತ ಇದು ಹೆಚ್ಚು. ಹೆರಿಗೆಯ ದಿನ ಆಸ್ಪತ್ರೆಯಲ್ಲಿದ್ದರೂ ಅದಕ್ಕೆ ಹಿಂದಿನ ವಾರಗಳನ್ನು ತಾಯಿ ಕಳೆಯುವುದು ಮನೆಯಲ್ಲಿ, ಆ ವಾರಗಳಲ್ಲಿ ಅಪಾಯವನ್ನು ಗುರುತಿಸಬಲ್ಲವಳು ಅವಳೇ. ಅವಳು ಎದುರಿಗೆ ನಿಂತಾಗ "ಇದಕ್ಕೆಲ್ಲ ರಾತ್ರಿ ಹೊತ್ತು ಬರೋದಾ" ಎಂದು ಒಮ್ಮೆ ಗದರಿದರೆ, ಅವಳಷ್ಟೇ ಅಲ್ಲ, ಅವಳ ಓರಗಿತ್ತಿ, ನಾದಿನಿ, ಪಕ್ಕದ ಮನೆಯವಳು ಯಾರೂ ಮುಂದೆ ರಾತ್ರಿ ಹೊತ್ತು ಬರುವುದಿಲ್ಲ. ಪರೀಕ್ಷೆ ಸರಿಯಿದ್ದಾಗ "ಬಂದದ್ದು ಒಳ್ಳೆಯದಾಯಿತು, ಮತ್ತೆ ಹೀಗನಿಸಿದರೆ ಮತ್ತೆ ಬನ್ನಿ" ಎಂದು ಬಾಯಿಬಿಟ್ಟು ಹೇಳುವುದನ್ನು ನಾವು ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು.

ಮಗುವನ್ನು ಕಳೆದುಕೊಂಡ ತಾಯಂದಿರೂ ಈ ಸಭೆಯಲ್ಲಿರಬಹುದು. ನಾನು ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಕೇಳಿ, ತಾನು ಗಮನಿಸಲಿಲ್ಲವೇ, ತಡ ಮಾಡಿದೆನೇ ಎಂದು ಅವರು ತಮ್ಮನ್ನೇ ಹಳಿದುಕೊಳ್ಳುವಂತಾಗಬಾರದು. ಗಮನಿಸಿ, ಕೂಡಲೇ ಬಂದು, ಎಲ್ಲ ಪರೀಕ್ಷೆ ಮಾಡಿಸಿಕೊಂಡ ಮೇಲೂ ಕೆಲವು ಮಕ್ಕಳು ಉಳಿಯುವುದಿಲ್ಲ. ಯಾವ ಸೂಚನೆಯನ್ನೂ ಕೊಡದೆ ಹೋಗುವ ಮಕ್ಕಳೂ ಇದ್ದಾರೆ. ಅಂಥ ತಾಯಿಯನ್ನು "ನಿನಗೆ ಗೊತ್ತೇ ಆಗಲಿಲ್ಲವೇ" ಎಂದು ಕೇಳುವುದು ಕ್ರೌರ್ಯ, ಮನೆಯವರು ಆ ಪ್ರಶ್ನೆಯನ್ನು ಎಂದಿಗೂ ಕೇಳಬಾರದು. ಮುಂದಿನ ಬಸಿರಿನಲ್ಲಿ ಆಕೆಯ ಆತಂಕ ಇಮ್ಮಡಿಯಾಗಿರುತ್ತದೆ. ಮೊದಲ ತಿಂಗಳಲ್ಲೇ ವೈದ್ಯರಿಗೆ ಹಿಂದಿನದನ್ನು ತಿಳಿಸಿದರೆ ಬೆಳವಣಿಗೆಯ ಸ್ಕ್ಯಾನಿಂಗ್‌ಗಳನ್ನು ಹೆಚ್ಚು ಸಲ ಮಾಡಲು ಸಾಧ್ಯವಾಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತು, ಮೂರು ದಿನದ ಹಿಂದೆ ಹೀಗೇ ಅನ್ನಿಸಿ ಹೋಗಿ ಎನ್‌ಎಸ್‌ಟಿ ಮಾಡಿಸಿಕೊಂಡು ಬಂದಿದ್ದಾಗಿಯೂ, ಎಲ್ಲ ಸರಿಯಿದೆ ಎಂದಿದ್ದಾಗಿಯೂ, ಈವತ್ತು ಬೆಳಗಿನಿಂದ ಮತ್ತೆ ಕಡಿಮೆಯೆನಿಸುತ್ತಿದೆ, ಮತ್ತೆ ಹೋದರೆ ನಗುತ್ತಾರೇನೋ ಎಂದೂ ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಎನ್‌ಎಸ್‌ಟಿ ಹೇಳುವುದು ಆ ಹೊತ್ತಿನ ಸ್ಥಿತಿಯನ್ನು, ಮೂರು ದಿನದ ಹಿಂದಿನ ಕಾಗದ ಇವತ್ತಿಗೆ ಸಾಕ್ಷಿಯಾಗುವುದಿಲ್ಲ. ಎರಡನೇ ಸಲ, ಮೂರನೇ ಸಲ ಹೀಗಾಗುವುದನ್ನು ನಾವು ಮೊದಲ ಸಲಕ್ಕಿಂತ ಹೆಚ್ಚು ಗಂಭೀರವಾಗಿ ನೋಡುತ್ತೇವೆ, ಏಕೆಂದರೆ ಮತ್ತೆ ಮತ್ತೆ ಮಿಸುಕಾಟ ಕಡಿಮೆಯಾಗುವ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಿರುವ ಸಾಧ್ಯತೆ ಹೆಚ್ಚು. ಈ ಸಲ ಎನ್‌ಎಸ್‌ಟಿಯ ಜೊತೆಗೆ ಬೆಳವಣಿಗೆಯ ಸ್ಕ್ಯಾನಿಂಗ್ ಮತ್ತು ಡಾಪ್ಲರ್ ಕೂಡ ಬೇಕೆಂದು ನೀವೇ ಕೇಳಿ. ಸಭೆ ಮುಗಿಯುವವರೆಗೆ ಕಾಯದೆ ಈಗಲೇ ಹೊರಡಿ ಎಂದೆ. ಪಕ್ಕದಲ್ಲಿ ಕುಳಿತಿದ್ದ ಅವರ ಅತ್ತೆಯೇ ಮೊದಲು ಎದ್ದು ಚೀಲದಿಂದ ತಾಯಿ ಕಾರ್ಡು ತೆಗೆದರು, ಅವರ ಊರಿನ ಆಶಾ ಕಾರ್ಯಕರ್ತೆ ಜೊತೆಗೆ ಹೊರಟರು.